ಒಂದು ಸಿಗರೇಟಿಗೆ ಒಂದು ನೆಲ್ಲಿಕಾಯಿ

ಬಸವೇಶ್ವರನಗರದ ಗುರುಬಸಪ್ಪನವರು ಮೇಲ್ಹೊಟ್ಟೆ ನೋವೆಂದು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬರುವಾಗ ಅವರಿಗೊಂದು ಹೊಸ ಅಂಗ ಪ್ರಾಪ್ತವಾಗಿತ್ತು. ಅರವತ್ತೆಂಟು ವರ್ಷದಿಂದ ಅದು ಅವರೊಳಗೇ ಇತ್ತು. ಮೇದೋಜೀರಕ ಗ್ರಂಥಿ ಎಂದು ಯಾರೂ ಪರಿಚಯ ಮಾಡಿಸಿರಲಿಲ್ಲ, ಅಷ್ಟೇ. ಗ್ರಂಥಿ ಊದಿಕೊಂಡಿದೆ, ಇನ್ನೊಂದು ಸಲ ಹೀಗಾದರೆ ಜೀವಕ್ಕೇ ಕಷ್ಟ, ಸಿಗರೇಟು ಇವತ್ತೇ ಬಿಡಬೇಕು ಎಂದು ಡಾಕ್ಟರ್ ಸೌಮ್ಯಶ್ರೀ ಹೇಳಿ ಕಳಿಸಿದ್ದರು.

ಇದರಲ್ಲಿ ಗ್ರಂಥಿಯ ಹೆಸರನ್ನು ಮಾತ್ರ ಗುರುಬಸಪ್ಪನವರು ಬಹಳ ಗಂಭೀರವಾಗಿ ತೆಗೆದುಕೊಂಡರು.

"ಮೇದೋ-ಜೀರಕ. ಜೀರಕ ಅಂದ್ರೆ ಏನ್ ಹೇಳು? ಜೀರಿಗೆ ಕಣೇ! ಹೆಸರಲ್ಲೇ ಔಷಧಿ ಬರ್ದಿಟ್ಟಿದಾರೆ ಹಿರಿಯರು."

ಹೆಂಡತಿ ಜಗದಾಂಬಾ ಬಿಎಸ್ಸಿ ಓದಿದವರು. "ಹಾಗಾದ್ರೆ ಮೂತ್ರಪಿಂಡ ಕೆಟ್ರೆ ಏನ್ ಇಡೋಣ ರೀ, ಪಿಂಡಾನಾ?" ಎಂದು ಕೇಳಿದರು. ಕೇಳಿ, ಜೀರಿಗೆ ಕಷಾಯ ಕುದಿಸಲು ಒಳಗೆ ಹೋದರು.

ಕಷಾಯದ ಎರಡನೆಯ ವಾರ ಪೇಪರಿನ ಆರೋಗ್ಯ ಪುಟದಲ್ಲಿ ಒಂದು ಬರಹ ಬಂತು. ಯಾರೋ ವಿಜ್ಞಾನಿಗಳು ಇಲಿಗಳಿಗೆ ನಿಕೋಟಿನ್ ಕೊಟ್ಟು, ಅವುಗಳಲ್ಲಿ ಕೆಲವಕ್ಕೆ ಸಿ ಮತ್ತು ಇ ವಿಟಮಿನ್ನುಗಳನ್ನೂ ಕೊಟ್ಟು ನೋಡಿದರಂತೆ. ವಿಟಮಿನ್ ತಿಂದ ಇಲಿಗಳ ಮೇದೋಜೀರಕಕ್ಕೆ ಹಾನಿ ಕಡಿಮೆಯಾಗಿತ್ತಂತೆ. ಮೂವತ್ತೈದು ವರ್ಷ ಸರ್ವೆ ಇಲಾಖೆಯಲ್ಲಿ ಪ್ರತಿ ದಾಖಲೆಯನ್ನೂ ಕೊನೆಯ ಸಾಲಿನವರೆಗೆ ಓದಿ ಜನರನ್ನು ಗೋಳು ಹೊಯ್ದುಕೊಂಡಿದ್ದ ಮನುಷ್ಯ, ಇದನ್ನು ಅರ್ಧಕ್ಕೇ ಮಡಚಿಟ್ಟರು. ಬೇಕಾದದ್ದು ಸಿಕ್ಕಿತ್ತು.

ಮರುದಿನದಿಂದ ಒಂದು ಸಿಗರೇಟಿಗೆ ಒಂದು ನೆಲ್ಲಿಕಾಯಿ.

"ಅದು ಒಳಗೆ ಬೆಂಕಿ ಹಚ್ಚುತ್ತೆ, ಇದು ಆರಿಸುತ್ತೆ."

"ಬೆಂಕೀನೇ ಹಚ್ಚದಿದ್ರೆ ನೆಲ್ಲಿಕಾಯಿ ಉಪ್ಪಿನಕಾಯಿಗಾದ್ರೂ ಆಗ್ತಿತ್ತಲ್ಲ ರೀ."

"ನಿಂಗೆ ಸೈನ್ಸ್ ಅರ್ಥ ಆಗಲ್ಲ ಬಿಡು," ಎಂದು ಡಿಪ್ಲೊಮಾದವರು ಬಿಎಸ್ಸಿಯವರಿಗೆ ಹೇಳಿದರು.

ನುಗ್ಗೆಸೊಪ್ಪು ಬಂತು, ಕ್ಯಾರೆಟ್ ಬಂತು, ನೆನೆಸಿದ ಬಾದಾಮಿ ಬಂತು. ಹಿಂದೆ ಗುರುಬಸಪ್ಪನವರು ಸಿಗರೇಟನ್ನು ಸ್ವಲ್ಪ ಅಳುಕಿನಿಂದ ಸೇದುತ್ತಿದ್ದರು. ಈಗ ಚಿಕಿತ್ಸೆಯಂತೆ, ವೇಳೆಗೆ ಸರಿಯಾಗಿ ಸೇದತೊಡಗಿದರು. ಜಗದಾಂಬಾ ಹಂಗಿಸದ ದಿನವಿಲ್ಲ. ಆದರೆ ಊಟದ ನಡುವೆ ಗಂಡ ತಟ್ಟನೆ ಮಾತು ನಿಲ್ಲಿಸಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರೆ, ನಾಲಿಗೆಯ ತುದಿಗೆ ಬಂದ ತಮಾಷೆ ಹಾಗೆಯೇ ಹಿಂದಕ್ಕೆ ಹೋಗುತ್ತಿತ್ತು.

ಆರು ವಾರದ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ಊತ ಇಳಿದಿರಲಿಲ್ಲ.

"ದಿನಕ್ಕೆ ಎಷ್ಟು ಸೇದ್ತಾ ಇದೀರಾ ಅಂಕಲ್?" ಎಂದು ಸೌಮ್ಯಶ್ರೀ ಕೇಳಿದರು.

"ಎಲ್ಲೋ ಒಂದೆರಡು."

"ಹೌದು ಡಾಕ್ಟ್ರೇ, ಒಂದೆರಡೇ," ಎಂದರು ಜಗದಾಂಬಾ. "ನೆಲ್ಲಿಕಾಯಿ ಮಾತ್ರ ದಿನಕ್ಕೆ ಒಂಬತ್ತು ಖಾಲಿ ಆಗ್ತಿದೆ."

ಅದೇನು ನೆಲ್ಲಿಕಾಯಿ ಎಂದು ಡಾಕ್ಟರು ಕೇಳಿದ್ದೇ ತಡ, ಗುರುಬಸಪ್ಪನವರು ಹುಮ್ಮಸ್ಸಿನಿಂದ ಇಲಿ, ವಿಟಮಿನ್, ಲೆಕ್ಕಾಚಾರ ಎಲ್ಲವನ್ನೂ ವಿವರಿಸಿದರು. ಮುಗಿಸಿದ ಮೇಲೆ ತಾವು ಏನು ಒಪ್ಪಿಕೊಂಡೆವೆಂಬುದು ಅವರಿಗೆ ಹೊಳೆಯಿತು.

ಸೌಮ್ಯಶ್ರೀ ನಗಲಿಲ್ಲ. ಆ ವಯಸ್ಸಿನ ಹುಡುಗಿ ನಗದೆ ಕೂತದ್ದೇ ದೊಡ್ಡ ಉಪಕಾರ ಎನಿಸಿತು ಜಗದಾಂಬಾ ಅವರಿಗೆ.

"ನೆಲ್ಲಿಕಾಯಿ, ಸೊಪ್ಪು ಎಲ್ಲಾ ಒಳ್ಳೇದೇ ಅಂಕಲ್, ಬಿಡ್ಬೇಡಿ. ಆದ್ರೆ ಇಲಿಗಳಲ್ಲೂ ಹಾನಿ ಕಡಿಮೆ ಆಗಿದ್ದು ಅಷ್ಟೇ, ಇಲ್ಲದ ಹಾಗೆ ಆಗಿರ್ಲಿಲ್ಲ. ಮನುಷ್ಯರ ವಿಷ್ಯದಲ್ಲಿ ಅಷ್ಟೂ ಹೇಳೋಕಾಗಲ್ಲ. ಮತ್ತೆ, ನಿಕೋಟಿನ್ ಬೇಡ ಅನ್ನೋಕೆ ಆ ಇಲಿಗಳಿಗೆ ಬಾಯಿ ಇರ್ಲಿಲ್ಲ. ನಿಮಗಿದೆ."

"ಪ್ರಯೋಗ ಮುಗಿದ್ಮೇಲೆ ಇಲಿಗಳು ಏನಾದ್ವು ಡಾಕ್ಟ್ರೇ?" ಪೇಪರನ್ನು ಕೊನೆಯವರೆಗೆ ಓದಿದ್ದ ಜಗದಾಂಬಾ ಏನೂ ಅರಿಯದವರಂತೆ ಕೇಳಿದರು.

"ಅದು... ಗ್ರಂಥೀನ ತೆಗೆದು ನೋಡ್ಬೇಕಲ್ಲ ಆಂಟಿ."

ಗುರುಬಸಪ್ಪನವರು ನೀರು ಕೇಳಿದರು. ಡಾಕ್ಟರು ಯಾರನ್ನೂ ಕರೆಯದೆ ತಾವೇ ಎದ್ದು ಲೋಟಕ್ಕೆ ಬಗ್ಗಿಸಿ ಕೊಟ್ಟರು. "ಒಬ್ಬರೇ ಬಿಡೋದು ಕಷ್ಟ ಅಂಕಲ್. ಗುರುವಾರ ಗುರುವಾರ ಇಲ್ಲೇ ಸಿಗರೇಟ್ ಬಿಡಿಸೋ ಕ್ಲಿನಿಕ್ ನಡೆಯುತ್ತೆ. ಬನ್ನಿ."

"ಅದೆಲ್ಲ ಕೈಲಾಗದೋರಿಗೆ," ಎಂದು ಹೊರಗೆ ಬಂದ ಮೇಲೆ ಗುರುಬಸಪ್ಪನವರು ತೀರ್ಪು ಕೊಟ್ಟರು. ಕೊಟ್ಟು, ಆಟೋವನ್ನು ನೇರವಾಗಿ ಮುನಿರಾಮಯ್ಯನ ಪೆಟ್ಟಿಗೆ ಅಂಗಡಿಯ ಮುಂದೆ ನಿಲ್ಲಿಸಿದರು. ಇಪ್ಪತ್ತು ವರ್ಷದಿಂದ ಅವರಿಗೆ ಸಿಗರೇಟು ಕೊಡುತ್ತಿದ್ದವನು ಅವನೇ.

ಮುನಿರಾಮಯ್ಯ ಮಾಮೂಲಿನಂತೆ ಪ್ಯಾಕಿಗೆ ಕೈ ಚಾಚಿದವನು, ಜಗದಾಂಬಾ ಕೈಯಲ್ಲಿದ್ದ ಸ್ಕ್ಯಾನಿನ ದೊಡ್ಡ ಕವರನ್ನು ನೋಡಿದ. ಅವರ ಮುಖವನ್ನೂ ನೋಡಿದ. ಕೈ ಹಿಂದೆ ಬಂತು.

"ಸ್ಟಾಕ್ ಇಲ್ಲ ಸಾರ್."

ಅವನ ತಲೆಯ ಹಿಂದೆ ಪ್ಯಾಕುಗಳು ಗೋಡೆ ಕಟ್ಟಿದಂತೆ ನಿಂತಿದ್ದವು.

"ಅದೇನಯ್ಯ ಹಿಂದೆ?"

"ಅದಾ... ಶೋಗೆ ಸಾರ್. ಎಲ್ಲಾ ಖಾಲಿ ಪ್ಯಾಕು."

ಸರ್ವಿಸ್ಸಿನಲ್ಲಿ ಗುರುಬಸಪ್ಪನವರು ನೂರಾರು ಸುಳ್ಳು ದಾಖಲೆ ಹಿಡಿದಿದ್ದರು. ಇಷ್ಟು ಕಳಪೆಯದನ್ನು ಅವರ ಮುಂದೆ ತಂದಿಡುವ ಧೈರ್ಯ ಯಾರೂ ಮಾಡಿರಲಿಲ್ಲ. ಈಗ ಜಗಳ ಶುರುವಾಯಿತೆಂದು ಜಗದಾಂಬಾ ಸೆರಗು ಸರಿಮಾಡಿಕೊಂಡು ನಿಂತರು. ಮುನಿರಾಮಯ್ಯ ಯಾರ ಮುಖವನ್ನೂ ನೋಡದೆ, ಕೊಳೆಯೇ ಇಲ್ಲದ ಬಿಸ್ಕತ್ತಿನ ಬಾಟಲಿಯ ಮುಚ್ಚಳವನ್ನು ಒರೆಸುತ್ತಲೇ ಇದ್ದ.

ಮುಂದಿನ ತಿರುವಿನಲ್ಲಿ ಇನ್ನೂ ಎರಡು ಅಂಗಡಿಗಳಿದ್ದವು. ಗುರುಬಸಪ್ಪನವರು ಆ ಕಡೆ ಒಮ್ಮೆ ನೋಡಿದರು, ಮುಚ್ಚಳ ಒರೆಸುವವನನ್ನು ಒಮ್ಮೆ ನೋಡಿದರು. ಆಮೇಲೆ ಆಟೋದವನನ್ನು ಕಳಿಸಿ ಮನೆಯ ಕಡೆಗೆ ನಡೆಯತೊಡಗಿದರು. ಏನು ಮಾಡಬೇಕೆಂದು ತಿಳಿಯದೆ ಅವರ ಬಲಗೈ ಜೇಬಿಗೆ ಹೋಗಿ ಬಂದು ಮಾಡುತ್ತಿತ್ತು.

ಪಾರ್ಕು ದಾಟಿದ ಮೇಲೆ ಕೆಮ್ಮಿದರು.

"ಗುರುವಾರ ಅಂದ್ರಲ್ಲ ಆ ಹುಡುಗಿ... ಎಷ್ಟ್ ಗಂಟೆಗಂತೆ?"

ಜಗದಾಂಬಾ ಬಾಯಲ್ಲಿ ಒಳ್ಳೊಳ್ಳೆಯ ಉತ್ತರಗಳು ನಾಲ್ಕಾದರೂ ಸಿದ್ಧವಾಗಿದ್ದವು. ನಾಲ್ಕನ್ನೂ ನುಂಗಿಕೊಂಡು, "ಹತ್ತೂವರೆಗೆ ರೀ," ಎಂದಷ್ಟೇ ಹೇಳಿದರು.