ದೀಪ ಆರಿಸುವ ದೊರೆ

ಅಕ್ಕನ ಪ್ರಕಾಶನ ಸಂಸ್ಥೆ ಎಂದರೆ ಮನೆಯ ಎರಡು ಕೋಣೆ. ಮುಂದಿನದರಲ್ಲಿ ಉದ್ದನೆಯ ಮೇಜು, ಹಿಂದಿನದರಲ್ಲಿ ಸೂರು ಮುಟ್ಟುವ ಪುಸ್ತಕದ ಕಟ್ಟುಗಳು. ಅವಳು ಪ್ರಕಟಿಸುತ್ತಿದ್ದುದು ಕಾದಂಬರಿಯಲ್ಲ, ಮೇಜಿನ ಸುತ್ತ ಕೂತು ಆಡುವ ಪಾತ್ರದಾಟಕ್ಕೆ ಬೇಕಾದ ಸಾಹಸಕಥೆಗಳು. ಒಬ್ಬರು ಪುಸ್ತಕ ಹಿಡಿದು ಕಥೆ ನಡೆಸುತ್ತಾರೆ. ಉಳಿದವರು ಕಳ್ಳನೋ ವೈದ್ಯೆಯೋ ಕತ್ತಿವೀರನೋ ಆಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಆದರೆ ಕೋಟೆ, ಸುರಂಗ, ಖಳನಾಯಕ ಇವನ್ನೆಲ್ಲ ಯಾರಾದರೂ ಮೊದಲೇ ಬರೆದಿಟ್ಟಿರಬೇಕಲ್ಲ? ಆ ಕೆಲಸ ಅಕ್ಕನ ತಮ್ಮನದು.

ಸುರಂಗ ತೋಡುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಖಳನಾಯಕರು ಮಾತ್ರ ಕೈಕೊಡುತ್ತಿದ್ದರು. ಎಲ್ಲರಿಗೂ ಅದೇ ಕರಿ ನಿಲುವಂಗಿ, ಅದೇ ಗಹಗಹಿಸುವ ನಗು.

“ಇವರೆಲ್ಲ ಒಬ್ಬನೇ ದರ್ಜಿ ಹತ್ರ ಬಟ್ಟೆ ಹೊಲಿಸ್ತಾರೇನೋ?” ಎಂದಳು ಅಕ್ಕ. “ನೋಡಿದ್ರೆ ಮೈ ಉರೀಬೇಕು, ಅಂಥ ಒಬ್ಬನ್ನ ಬರಿ.”

ಅಂಥವರನ್ನು ಹುಡುಕಿಕೊಂಡು ತಮ್ಮ ದೂರ ಹೋಗಬೇಕಾಗಲಿಲ್ಲ. ಆ ಸಂಜೆ ಅವನು ಸ್ನಾನ ಮಾಡುತ್ತಿದ್ದಂತೆಯೇ ಭಾವ ಹೊರಗಿನಿಂದ ದೀಪ ಆರಿಸಿದರು. ಭಾವ ಎಂದರೆ ಅಕ್ಕನ ಗಂಡ, ಪ್ರಕಾಶನದ ಕರಡು ತಿದ್ದುವವರು. ಮನೆಯಲ್ಲಿ ಯಾರು ಎದ್ದು ಆಚೆ ಹೋದರೂ ಬೆನ್ನಿಗೇ ಬಂದು ಸ್ವಿಚ್ ಒತ್ತುವವರು. ಯಾರಾದರೂ ತಮಾಷೆ ಮಾಡಿದರೆ “ಅಂದ್ರೆ?” ಎಂದು ಕೇಳಿ ಅದರ ಜೀವ ತೆಗೆಯುವವರು.

ತಲೆಯ ಮೇಲೆ ಸೋಪಿನ ನೊರೆ ಹೊತ್ತು ಕತ್ತಲಲ್ಲಿ ನಿಂತಿದ್ದ ತಮ್ಮನಿಗೆ ಖಳನಾಯಕ ಸಾಕ್ಷಾತ್ತಾಗಿ ಕಂಡ: ಬೆಟ್ಟದ ಕೋಟೆಯ ದೊರೆ, ಅತಿಥಿಗಳ ಹಿಂದೆ ಹಿಂದೆಯೇ ಬಂದು ದೀಪ ಆರಿಸುವವನು, ವಿದೂಷಕರನ್ನೆಲ್ಲ “ಅಂದ್ರೆ?” ಎಂದು ಕೇಳಿ ಸೆರೆಗೆ ತಳ್ಳಿದವನು.

ಹಸ್ತಪ್ರತಿ ಓದುತ್ತ ಅಕ್ಕ ಬಿದ್ದು ಬಿದ್ದು ನಕ್ಕಳು. ಆಮೇಲೆ ಥಟ್ಟನೆ ಹಾಳೆ ಕೆಳಗಿಟ್ಟಳು.

“ಲೋ, ಇದು ನಿಮ್ಮ ಭಾವ ಅಲ್ವೇನೋ!”

“ಭಾವಂಗೆ ಕೋಟೆ ಎಲ್ಲಿದೆ ಅಕ್ಕ?”

“ಕರಡು ತಿದ್ದೋದು ಅವರೇ ಕಣೋ. ಓದ್ತಾರೆ!”

“ಓದ್ಲಿ ಬಿಡು. ಅಲ್ಪವಿರಾಮ ಬಿಟ್ಟು ಬೇರೇನಾದ್ರೂ ಅವರ ಕಣ್ಣಿಗೆ ಬೀಳುತ್ತಾ?”

ಅಚ್ಚಿಗೆ ಕಳಿಸುವ ಮುಂಚೆ ಪ್ರತಿ ಸಾಹಸವನ್ನೂ ಒಮ್ಮೆ ಆಡಿ ನೋಡುವುದು ಅವರ ಪದ್ಧತಿ. ಭಾನುವಾರ ಮೇಜಿನ ಸುತ್ತ ಅಕ್ಕ ಮತ್ತು ಪುಸ್ತಕದ ಚಿತ್ರಗಾರ್ತಿ ಕೂತರು. ಯಾವಾಗಲೂ ಬರುವ ಗೆಳೆಯನಿಗೆ ಜ್ವರ ಬಂದು, ಅವನ ಜಾಗದಲ್ಲಿ ಭಾವನೇ ಕತ್ತಿವೀರನಾಗಿ ಬಂದು ಕೂತರು. ಕಥೆ ನಡೆಸುವವನು ತಮ್ಮ.

ಕೋಟೆಯ ಊಟದ ಮನೆಯಲ್ಲಿ ಮೊದಲ ದೀಪ ಆರುತ್ತಿದ್ದಂತೆ ಭಾವ ಕೆಂಡವಾದರು.

“ಯಾರಪ್ಪ ಇವನು! ಜನ ಕೂತಿರೋವಾಗ್ಲೇ ದೀಪ ಆರಿಸೋದಾ? ಮನೆಯವರು ಹೇಗೆ ತಡ್ಕೊಂಡಿದಾರೋ!”

ಚಿತ್ರಗಾರ್ತಿ ಬೀಳದೇ ಇದ್ದ ದಾಳವನ್ನು ಹುಡುಕುತ್ತ ಮೇಜಿನ ಕೆಳಗೆ ತೂರಿದಳು. ಅಕ್ಕ ತುಟಿ ಕಚ್ಚಿಕೊಂಡಳು. ಭಾವ ಸಿಟ್ಟಿನಲ್ಲೇ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು, ಬರುವಾಗ ಅಲ್ಲಿನ ದೀಪ ಆರಿಸಿ ಬಂದರು. ಮೇಜಿನ ಕೆಳಗಿನಿಂದ ಕೆಮ್ಮಿನಂಥ ಸದ್ದು ಕೇಳಿಸಿತು.

ಕಡೆಗೂ ಮೂವರೂ ಗೋಪುರದ ತುದಿಗೆ ಹೋಗಿ ದೊರೆಯ ಎದುರು ನಿಂತರು.

“ಹೊಡೆದು ಮುಗಿಸೋಣ,” ಎಂದಳು ಅಕ್ಕ ಅವಸರದಲ್ಲಿ.

“ತಡಿ,” ಎಂದರು ಭಾವ. “ನಾನು ಅವನ ಹತ್ರ ಮಾತಾಡ್ಬೇಕು.”

“ಭಾವ, ಅವನು ಮಾತಾಡೋ ಪೈಕಿ ಅಲ್ಲ.”

“ಬಾಯಿದೆ ತಾನೆ? ದೊರೆ, ಯಾಕಪ್ಪ ಹೀಗೆ ದೀಪ ಆರಿಸ್ತೀಯ?”

ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಆದರೆ ಕಥೆ ನಡೆಸುವವನು ದೊರೆಯ ಬಾಯಾಗಲೇಬೇಕು. ತಮ್ಮ ಗಹಗಹಿಸಿ ನೋಡಿದ, ಸರಿಹೋಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ:

“ಈ ಕೋಟೇಲಿ ದೀಪ ಹಚ್ಚೋಕೆ ಎಲ್ಲರೂ ಇದಾರೆ. ಎಣ್ಣೆ ಇದೆಯಾ ಅಂತ ನೋಡೋನು ನಾನೊಬ್ಬನೇ.”

“ನೋಡ್ದೆ ಇದ್ರೆ?”

“ಒಂದಿನ ಮುಗಿದುಹೋಗುತ್ತೆ. ಆಗ ಇವರೆಲ್ಲ ಕತ್ತಲಲ್ಲಿ ಎಡವಿ ಬೀಳ್ತಾರೆ. ಬೀಳಬಾರದು ಅಂತ...”

ತಮ್ಮ ಅಲ್ಲಿಗೇ ಮಾತು ನಿಲ್ಲಿಸಿದ. ತಾನು ಕೆಲಸ ಕಳೆದುಕೊಂಡು ಈ ಮನೆಗೆ ಬಂದಾಗ ಯಾಕೆ, ಏನು ಎಂದು ಕೇಳದೆ ಕಿಟಕಿ ಪಕ್ಕದ ಮೇಜು ಬಿಟ್ಟುಕೊಟ್ಟವರು ಭಾವ. ಅಂದಿನಿಂದ ಅವರು ಹಿಂದಿನ ಕೋಣೆಯಲ್ಲಿ, ಕಟ್ಟುಗಳ ಸಂದಿಯಲ್ಲಿ ಕೂತು ಕರಡು ತಿದ್ದುತ್ತಿದ್ದರು. ಅಲ್ಲಿ ಕಿಟಕಿಯೇ ಇಲ್ಲ ಎಂಬುದು ತಮ್ಮನಿಗೆ ಈಗ ಹೊಳೆಯಿತು.

“ಪಾಪ,” ಎಂದರು ಭಾವ. “ಇದನ್ನ ಯಾರಿಗಾದ್ರೂ ಹೇಳಿದೀಯಾ?”

“ಯಾರೂ ಕೇಳಿಲ್ಲ.”

“ನಾನಿವನ್ನ ಹೊಡೆಯಲ್ಲಪ್ಪ. ಸ್ವಲ್ಪ ಹೊತ್ತು ಇವನ ಜೊತೆ ಕೂತ್ಕೋತೀನಿ. ಅದಕ್ಕೂ ದಾಳ ಹಾಕ್ಬೇಕಾ?”

“ಬೇಡ ಭಾವ,” ಎಂದ ತಮ್ಮ.

ಕೊನೆಯ ಅಧ್ಯಾಯವನ್ನು ಅವನು ಹೊಸದಾಗಿ ಬರೆದ. ಅಕ್ಕನಿಗೆ ಮಾತ್ರ ಹೊಟ್ಟೆಯೊಳಗೆ ಗುಟ್ಟು ನಿಲ್ಲಲಿಲ್ಲ.

“ರೀ, ಆ ದೊರೆ ಯಾರ ಥರ ಅನ್ನಿಸ್ತು ನಿಮಗೆ?”

“ನಮ್ಮ ಮುದ್ರಣಾಲಯದ ಮಾಲೀಕನ ಥರ. ಅಚ್ಚೊತ್ತಿದ ಹಾಗಿದೆ. ನೀನು ಹೇಳೋಕೆ ಹೋಗ್ಬೇಡ, ಬೇಜಾರು ಮಾಡ್ಕೋತಾನೆ.”

“ನಾನ್ಯಾಕೆ ಹೇಳ್ಲಿ!” ಎಂದಳು ಅಕ್ಕ.

ಪುಸ್ತಕ ಹೊರಬಂತು. ಪುಸ್ತಕ ಮೇಳದ ಮಳಿಗೆಯಲ್ಲಿ ಭಾವ ಮುಂದೆ ನಿಂತು, ಕೈಗೆತ್ತಿಕೊಂಡವರಿಗೆಲ್ಲ ಗುಟ್ಟಿನ ದನಿಯಲ್ಲಿ ಹೇಳತೊಡಗಿದರು: “ಕೊನೇಲಿ ಆ ದೊರೇನ ಹೊಡೀಬೇಡಿ, ಮಾತಾಡ್ಸಿ. ಒಳ್ಳೆಯವನು.”

“ಅಯ್ಯೋ, ಕೊನೆಯನ್ನೇ ಹೇಳಿಬಿಟ್ರೆ ಯಾರ್ರೀ ತಗೋತಾರೆ!” ಅಕ್ಕ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಪುಸ್ತಕ ಕೆಳಗಿಟ್ಟು ಹೊರಟಿದ್ದ ಹೆಂಗಸೊಬ್ಬಳು ತಿರುಗಿ ಬಂದಳು. “ಒಳ್ಳೆಯವನಾದ್ರೆ ದೀಪ ಯಾಕೆ ಆರಿಸ್ತಾನೆ?”

ಭಾವನ ಮುಖ ಅರಳಿತು. ತಡೆಯಲು ಹೊರಟ ಅಕ್ಕನನ್ನು ತಮ್ಮ ತೋಳು ಹಿಡಿದು ನಿಲ್ಲಿಸಿದ. ಆಮೇಲೆ ತನ್ನ ಕುರ್ಚಿಯನ್ನು ಭಾವನ ಹಿಂದಕ್ಕೆ ಸರಿಸಿ, “ಕೂತ್ಕೊಂಡು ಹೇಳಿ ಭಾವ,” ಎಂದ.