ಮುಳುಗಡೆಗೆ ಮುಂಚೆ ಎಂದರೆ ಯಾವಾಗ?

ಕೆಳದಿ ಅರಸರ ಆಳ್ವಿಕೆ ಕೊನೆಗೊಂಡದ್ದು ಯಾವಾಗ? ಹತ್ತನೇ ತರಗತಿಯ ತೃಪ್ತಿ ಬರೆದ ಉತ್ತರ: 'ಮುಳುಗಡೆಗೆ ಮುಂಚೆ.' ಇಕ್ಕೇರಿ ದೇವಸ್ಥಾನ ಕಟ್ಟಿದ್ದು? 'ಮುಳುಗಡೆಗೆ ಮುಂಚೆ.' ಬ್ರಿಟಿಷರು ಬಂದದ್ದು? ಅದೂ ಹಾಗೇ.

ಸುಳ್ಳು ಎನ್ನುವಂತಿಲ್ಲ, ಅಂಕ ಕೊಡುವಂತೆಯೂ ಇಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಊರುಗಳನ್ನು ನುಂಗಿದ ಮೇಲೆ ಶರಾವತಿ ಹಿನ್ನೀರಿನ ಕಡೆಯ ಜನ ಕಾಲವನ್ನು ಎರಡೇ ಪಾಲು ಮಾಡಿಕೊಂಡಿದ್ದಾರೆ. ಅದಕ್ಕೆ ಮುಂಚಿನದೆಲ್ಲ ಒಂದೇ ಗಂಟು. ಸಮಾಜ ವಿಜ್ಞಾನದ ಶ್ಯಾಮಲಾ ಟೀಚರ್ ಇಸವಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ಗಣತಿಗೂ ಅವರೇ, ಮೊಟ್ಟೆ ಹಂಚುವುದಕ್ಕೂ ಅವರೇ. ಪಾಪ, ಎಷ್ಟೆಂದು ಹೇಳಿಯಾರು? ಆದರೂ ಒಂದು ಸಂಜೆ ಶಾಲೆಯ ಟ್ಯಾಬ್ ಹಿಡಿದು ತೃಪ್ತಿಯ ಮನೆಗೆ ಬಂದರು. ಬಂದವರೇ ಜಗಲಿಯ ಮೇಲೆ ಕುಸಿದು ಕುಳಿತರು.

ತೃಪ್ತಿಯ ಅಪ್ಪ ಕಾಂತರಾಜ್ ಅಂಗಳದಲ್ಲಿ ಗೂಡ್ಸ್ ಆಟೋ ತೊಳೆಯುತ್ತಿದ್ದ.

"ಈ ಸಲನೂ ಸಮಾಜದಲ್ಲಿ ಫೇಲಂತೆ ಮೇಡಂ. ದೊಡ್ಡ ಪರೀಕ್ಷೆಲೂ ಹೀಗೇ ಆದ್ರೆ ಓದಿದ್ದು ಸಾಕು. ಸಿಗಂದೂರು ರಸ್ತೆಲಿ ಅಂಗಡಿಗೆ ಹುಡುಗೀರು ಬೇಕಂತೆ, ಹೋಗ್ಲಿ."

ತೃಪ್ತಿ ತಲೆ ತಗ್ಗಿಸಿದಳು.

"ಅವ್ಳು ದಡ್ಡಿ ಅಲ್ಲ ಕಾಂತರಾಜ್," ಎಂದರು ಟೀಚರ್. "ಯಾವ್ದು ಎಷ್ಟು ಹಿಂದೆ ಅಂತ ಕಣ್ಣಿಗೆ ಕಾಣ್ತಿಲ್ಲ, ಅಷ್ಟೇ. ಇದು ಡಿಜಿಟಲ್ ಕಾಲರೇಖೆ. ಒಂದ್ಸಲ ನೋಡಿ."

"ಎಂತ ಮಾರಾಯ್ರೆ, ಮೊಬೈಲು ಬೇಡ ಅಂತ ನಾನು ಬಡ್ಕೊಳ್ತೀನಿ, ನೀವು ನೋಡಿದ್ರೆ ಇದನ್ನ ತಂದ್ಕೊಡ್ತೀರಿ! ರೀಲ್ಸ್ ನೋಡ್ತಾ ಕೂರ್ತಾಳೆ. ಇಲ್ಲಿ ನೆಟ್‌ವರ್ಕ್ ಬೇರೆ ಎಲ್ಲಿ ಸಾಯ್ತದೆ?"

ವಾದಿಸುವಷ್ಟು ಉಸಿರು ಟೀಚರಿಗೆ ಉಳಿದಿರಲಿಲ್ಲ. "ಶಾಲೇಲೇ ಇಳಿಸ್ಕೊಂಡು ಬಂದಿದೀನಿ, ನೆಟ್ ಬೇಡ. ನೀವೂ ಪಕ್ಕದಲ್ಲೇ ಕೂತ್ಕೊಳ್ಳಿ," ಎಂದಷ್ಟೇ ಹೇಳಿದರು.

ಪರದೆಯ ಮೇಲೆ ಉದ್ದನೆಯ ಗೆರೆ. ಎಡತುದಿಯಲ್ಲಿ ಇಕ್ಕೇರಿ ದೇವಸ್ಥಾನದ ಚಿತ್ರ. "ಇಲ್ಲಿಂದ ಮುಳುಗಡೆ ತನಕ ಬೆರಳಲ್ಲಿ ಸರಿಸ್ಕೊಂಡು ಹೋಗು," ಎಂದರು. ತೃಪ್ತಿ ಸರಿಸಿದಳು. ಅಜ್ಜಿ ಹುಲಿಯಮ್ಮ ಒಳಗಿನಿಂದ ಬಂದು ಬಗ್ಗಿ ನೋಡಿದಳು.

"ಮುಳುಗಡೆ ಬಂತಾ?"

"ಇಲ್ಲ ಅಜ್ಜಿ." ಬಂದದ್ದು 1763, ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರು ಹಿಡಿದ ವರ್ಷ. ಅವರ ಕಾಲ ಅಲ್ಲಿಗೆ ಮುಗಿದಿತ್ತು. ತೃಪ್ತಿ ಮತ್ತೆ ಸರಿಸಿದಳು, ಸರಿಸುತ್ತಲೇ ಇದ್ದಳು.

"ಈಗಾದ್ರೂ ಬಂತಾ?"

"ಇನ್ನೂ ಇಲ್ಲ! ಮಧ್ಯದಲ್ಲಿ ಇಷ್ಟೊಂದು ಕಾಲ ಇತ್ತಾ?"

ಬ್ರಿಟಿಷರೂ ಹೋದ ಮೇಲೆ, ಬಲತುದಿಯ ಹತ್ತಿರ ಅಣೆಕಟ್ಟು ಬಂತು, 1964. ಅದರ ಆಚೆಗೆ ಹಿನ್ನೀರಿನ ಹೊಸ ಸೇತುವೆ. ಟೀಚರ್ ಹೇಳಿಕೊಟ್ಟಂತೆ ತೃಪ್ತಿ ಅಣೆಕಟ್ಟಿನ ಕೆಳಗೆ ಅಜ್ಜಿಯ ಮುಳುಗಿದ ಊರಿನ ಹೆಸರು ಬರೆದಳು, ಆಮೇಲೆ ತಾನು ಹುಟ್ಟಿದ ವರ್ಷ. ಎರಡರ ನಡುವೆ ಬೆರಳಗಲದ ಜಾಗ.

ಹುಲಿಯಮ್ಮ ತುಂಬಾ ಹೊತ್ತು ನೋಡಿದಳು. ಕಣ್ಣು ಒದ್ದೆಯಾಯಿತು. "ಎಲ್ರೂ ನನ್ನ ರಾಜರ ಕಾಲದವ್ಳು ಅಂತ ಆಡ್ಕೊಳ್ತಿದ್ರು. ಇಲ್ಲಿ ನೋಡಿದ್ರೆ ನಾನೂ ನೀನೂ ಅಕ್ಕಪಕ್ಕದಲ್ಲೇ ಇದೀವಲ್ಲೇ ಮಗಾ!"

ಕಾಂತರಾಜ್ ಒದ್ದೆ ಕೈ ಒರೆಸಿಕೊಂಡು ಹತ್ತಿರ ಬಂದ. "ಕೆಳದಿ ಅರಸರು ಮುಗಿದಿದ್ದು ಯಾವಾಗ, ಹೇಳು ನೋಡೋಣ."

"1763. ಮುಳುಗಡೆಗೆ ಇನ್ನೂರು ವರ್ಷ ಮುಂಚೆ," ಎಂದಳು ತೃಪ್ತಿ, ಟ್ಯಾಬ್ ನೋಡದೆಯೇ.

ಅವನು ಮಗಳ ತಲೆ ಸವರಿದ. "ಅಂಗಡಿಯವ್ರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳ್ತೀನಿ. ಟೀಚರಿಗೆ ಒಂಚೂರು ಕಾಫಿ ಕೊಡೇ, ಸುಸ್ತಾಗಿದಾರೆ."

ಅಪ್ಪ ಅಮ್ಮಂದಿರೇ, ಶಾಲೆಯಲ್ಲಿ ಕಾಲರೇಖೆ ಮಾಡಿಸುತ್ತೇವೆ ಎಂದರೆ ಮೊಬೈಲ್ ಹುಚ್ಚು ಎಂದು ತಳ್ಳಿಹಾಕಬೇಡಿ. ಮಕ್ಕಳ ಪಕ್ಕ ಕುಳಿತುಕೊಳ್ಳಿ. ಇಸವಿಗಳನ್ನು ಪಠ್ಯಪುಸ್ತಕದೊಂದಿಗೆ ತಾಳೆ ನೋಡಿ, ಮನೆಯ ಹಿರಿಯರು ಕಂಡದ್ದನ್ನು ಕೇಳಿ ಸೇರಿಸಿ. ದುಡಿದು ದಣಿದಿರುತ್ತೀರಿ, ಗೊತ್ತು. ಶ್ಯಾಮಲಾ ಟೀಚರಿಗೂ ದಣಿವಿತ್ತು. ಆದರೂ ಇವತ್ತು ಸಂಜೆ ಮಗುವನ್ನು ಕರೆದು ಒಂದು ಮಾತು ಕೇಳಿ: ಆ ಗೆರೆಯ ಮೇಲೆ ನಿನ್ನಜ್ಜಿ ಎಲ್ಲಿದ್ದಾಳೆ, ತೋರಿಸು.