ಕಿಲುಬಿನಲ್ಲಿ ಉಳಿದಿದ್ದ ಹೆಸರು

ವಡಾಲದ ಪೂರ್ವಕ್ಕೆ ಕಡಲ ಹಿನ್ನೀರಿನ ಖಾಡಿಗೆ ಮಣ್ಣು ತುಂಬುವ ಕೆಲಸ ನಡೆಯುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಬೆಳಗಿನಿಂದ ಸಂಜೆಯವರೆಗೆ ಲಾರಿಗಳು ಮಣ್ಣು ಸುರಿಯುತ್ತವೆ. ನೀರು ಇಳಿದ ಹೊತ್ತಿಗೆ ನಮ್ಮವರೂ ಅಲ್ಲಿಗೆ ಇಳಿಯುತ್ತಾರೆ. ಕೆಲವರು ಏಡಿಗೆ, ಕೆಲವರು ಸೌದೆಗೆ, ಇನ್ನು ಕೆಲವರು ಸುಮ್ಮನೆ. ಆ ಕೆಸರಿನಲ್ಲಿ ಏನೇನೋ ಸಿಗುತ್ತದೆ. ಮಡಕೆಯ ಚೂರು, ಮಣಿ, ಕಲ್ಲಾಗಿ ಹೋದ ಶಂಖ, ಒಮ್ಮೊಮ್ಮೆ ನಾಣ್ಯ. ತಂದು ನಾವು ಏನು ಮಾಡುತ್ತೇವೆ? ಆಡಲು ಮಕ್ಕಳ ಕೈಗೆ ಕೊಡುತ್ತೇವೆ. ದೇವರ ಹಾಗೆ ಕಂಡರೆ ಎಣ್ಣೆ ಕುಂಕುಮ ಹಚ್ಚುತ್ತೇವೆ. ಲೋಹವಾದರೆ ಗುಜರಿ ಕೊಳ್ಳುವ ಭಂಗಾರ್‌ವಾಲಾನ ತಕ್ಕಡಿಗೆ ಹಾಕುತ್ತೇವೆ. ಇಲ್ಲವೇ ಚೆನ್ನಾಗಿ ತಿಕ್ಕಿ ತೊಳೆದು ಕಪಾಟಿನಲ್ಲಿ ಇಡುತ್ತೇವೆ.

ಈ ಕೊನೆಯದರ ಬಗ್ಗೆಯೇ ನಾನು ಬರೆಯಬೇಕಾಗಿದೆ. ನಾನು ಕಸ್ತೂರಿಬಾಯಿ, ಇಲ್ಲಿನ ಮುನಿಸಿಪಲ್ ಕನ್ನಡ ಶಾಲೆಯ ಟೀಚರ್. ಇದು ಹೋದ ವರ್ಷ, ೧೯೭೬ರಲ್ಲಿ ನಡೆದದ್ದು. ಬರೆಯಿರಿ ಎಂದವರು ಪೂವಪ್ಪಣ್ಣನೇ. ತಮ್ಮ ಹೆಸರು ಬದಲಿಸಬೇಡಿ ಎಂದೂ ಹೇಳಿದ್ದಾರೆ.

ಪೂವಪ್ಪಣ್ಣ ಉಡುಪಿ ಕಡೆಯವರು. ಸ್ಟೇಷನ್ ಹತ್ತಿರದ ಕಾಂತಪ್ಪನವರ ಹೋಟೆಲಿನಲ್ಲಿ ಪಾತ್ರೆಯ ಕೆಲಸ. ಬೇರೆ ಬೇರೆ ಹೋಟೆಲುಗಳಲ್ಲಿ ಸೇರಿ ಮೂವತ್ತು ವರ್ಷ ಅವರು ಪಾತ್ರೆ ತೊಳೆದಿದ್ದಾರೆ. ಅವರು ತಿಕ್ಕಿದ ಹಿತ್ತಾಳೆ ಹಂಡೆಯಲ್ಲಿ ನೀವು ತಲೆ ಬಾಚಿಕೊಳ್ಳಬಹುದು. ಮಂಗಳವಾರ ಅವರಿಗೆ ಛುಟ್ಟಿ. ಆ ದಿನ ಖಾಡಿಗೆ ಹೋಗಿ ಮನೆಯ ಸಾರಿಗೆಂದು ಮರುವಾಯಿ ಚಿಪ್ಪುಮೀನು ಹೆಕ್ಕಿ ತರುತ್ತಾರೆ. ಮಡಿಯ ಸಸ್ಯಾಹಾರಿ, ಸಾಂಬಾರಿಗೆ ಈರುಳ್ಳಿ ಹಾಕಲೂ ಎರಡು ಸಲ ಯೋಚಿಸುವ ಕಾಂತಪ್ಪನವರಿಗೆ ಈ ಮರುವಾಯಿಯ ಸಂಗತಿ ಗೊತ್ತಿದ್ದೂ ಗೊತ್ತಿಲ್ಲ.

ಚಿಪ್ಪಿನ ಜೊತೆಗೆ ಸಿಕ್ಕಿದ ಚೂರುಪಾರುಗಳನ್ನೂ ಪೂವಪ್ಪಣ್ಣ ತರುತ್ತಿದ್ದರು. ಹೋಟೆಲಿನ ಗಾಜಿನ ಕಪಾಟಿನಲ್ಲಿ, ಬಿಸ್ಕಿಟ್ ಡಬ್ಬಿಗಳ ಮೇಲಿನ ಒಂದು ಹಲಗೆಯನ್ನು ಕಾಂತಪ್ಪನವರು ಅದಕ್ಕೆಂದು ಬಿಟ್ಟುಕೊಟ್ಟಿದ್ದರು. ಚಹಾ ಕುಡಿಯಲು ಬಂದವರು ನೋಡಿ ಹೋಗುತ್ತಿದ್ದರು.

ಹಾಗೆ ನೋಡಿದವರಲ್ಲಿ ಒಬ್ಬರು ಗುರಲಿಂಗಪ್ಪನವರು. ಬಿಜಾಪುರದ ಕಡೆಯವರು. ಒಂದು ಮ್ಯೂಸಿಯಂನಲ್ಲಿ, ಹಳೆಯ ವಸ್ತುಗಳನ್ನು ಶುದ್ಧ ಮಾಡುವ ಕೋಣೆಯಲ್ಲಿ ಹದಿನೈದು ವರ್ಷದಿಂದ ಅಟೆಂಡರ್. ಭಾನುವಾರ ನಾವಿಬ್ಬರೂ ಅಲ್ಲಿ ಚಹಾಕ್ಕೆ ಸೇರುತ್ತಿದ್ದೆವು. ಅವರು ಕಪಾಟಿನ ಮುಂದೆ ನಿಂತರೆ ಪೂವಪ್ಪಣ್ಣ ಕೈ ಒರೆಸಿಕೊಂಡು ಒಳಗಿನಿಂದ ಬರುತ್ತಿದ್ದರು.

“ಈ ಶಂಖ ಕಲ್ಲಾಗೈತಿ ನೋಡ್ರಿ. ಆಕಾರ ಹುಳದ ಮನೀದು, ಮೈಯೆಲ್ಲಾ ಕಲ್ಲು. ಕೈಯಾಗ ಹಿಡದ್ರ ಭಾರ ಗೊತ್ತಾಗತೈತಿ. ಈ ಮಡಕಿ ಚೂರಿನ ಒಳಮೈಗೆ ಬೆರಳು ಆಡಸ್ರಿ. ಸುತ್ತ ಗೆರಿ ಹತ್ತಿದ್ರ ಕುಂಬಾರ ತಿಗರಿ ಮ್ಯಾಲೆ ಮಾಡ್ಯಾನ ಅಂತ ತಿಳೀರಿ. ಎಲ್ಲಿ ಸಿಕ್ತು ಇದು?”

“ಖಾಡಿಯಲ್ಲಿ.”

“ಖಾಡಿ ಅಂದ್ರ ಇಲ್ಲಿಂದ ಟ್ರಾಂಬೆತನಾ ಐತಿ. ಎಲ್ಲಿ? ಎಷ್ಟು ಆಳದಾಗ? ಯಾವ ತಾರೀಖು? ಅಷ್ಟು ಗೊತ್ತಿಲ್ಲದ ವಸ್ತು ಊರು ಮರೆತ ಮುದುಕರ ಹಂಗ. ಚೆಂದ ಇರತೈತಿ, ಏನೂ ಹೇಳಂಗಿಲ್ಲ. ನಮ್ಮಲ್ಲಿ ಪ್ರತಿಯೊಂದರ ಕೆಳಗ ಕಾರ್ಡ್ ಇಡತಾರ. ಏನು, ಎಲ್ಲಿ, ಯಾವಾಗ, ಯಾರಿಗೆ ಸಿಕ್ತು, ಎಲ್ಲಾ ಅದರಾಗ ಇರತೈತಿ.”

“ಯಾರಿಗೆ ಸಿಕ್ಕಿದ್ದು ಅಂತಲೂ ಬರೀತಾರಾ?” ಎಂದು ಪೂವಪ್ಪಣ್ಣ ಕೇಳಿದರು.

“ಬರೀತಾರ. ಹೆಸರು ಹಾಕ್ತಾರ.”

ಆ ದಿನ ಪೂವಪ್ಪಣ್ಣ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದ್ದು ನೆನಪಿದೆ. “ಟೀಚರೇ, ನನ್ನ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ. ಒಂದು ಕಾರ್ಡಿನಲ್ಲಿ ಬಂದರೆ ಸಾಕು ನೋಡಿ.” ಮಕ್ಕಳಿಲ್ಲದ ಮನುಷ್ಯ. ಕೇಳಿ ನನಗೆ ಸಂಕಟವಾಯಿತು.

ಮುಂದಿನ ಮಂಗಳವಾರ ಅವರಿಗೆ ತಾಮ್ರದ ಒಂದು ಹಲಗೆ ಸಿಕ್ಕಿತು. ಗೇಣುದ್ದ, ನಾಲ್ಕು ಬೆರಳು ಅಗಲ, ಒಂದು ಕೊನೆಯಲ್ಲಿ ತೂತು. ಮೈತುಂಬ ದಪ್ಪ ಹಸಿರು ಕಿಲುಬು. ಅವರು ಯಾರಿಗೂ ಹೇಳಲಿಲ್ಲ. ಭಾನುವಾರ ಗುರಲಿಂಗಪ್ಪನವರು ಬರುವಷ್ಟರಲ್ಲಿ ತಮಗೆ ತಿಳಿದ ವಿದ್ಯೆಯನ್ನೆಲ್ಲ ಅದರ ಮೇಲೆ ಹಾಕಬೇಕು ಎಂದುಕೊಂಡರು. ಮೂರು ಮಧ್ಯಾಹ್ನ ಪಾತ್ರೆ ತೊಳೆಯುವ ಮೋರಿಯ ಬಳಿ ಕುಳಿತು ಹುಣಸೆಹುಳಿ, ಉಪ್ಪು, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದರು. ಹಲಗೆ ಕೆಂಪಗೆ ಥಳಥಳ ಹೊಳೆಯಿತು.

ಭಾನುವಾರ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದರು. “ಗುರಲಿಂಗಪ್ಪನವರೇ, ಈಗ ಹೇಳಿ. ಇದಕ್ಕೆ ಕಾರ್ಡ್ ಬರೀಬಹುದಾ?”

ಗುರಲಿಂಗಪ್ಪನವರು ಹಲಗೆಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದರು. ತಿರುಗಿಸಿದರು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಅವರ ಚಹಾ ಆರಿಹೋಯಿತು.

“ಯಾರು ತಿಕ್ಕಿದ್ರಿ ಇದನ್ನ?”

“ನಾನೇ. ಮೂರು ದಿನ ತಿಕ್ಕಿದೆ. ಸಿಗುವಾಗ ಪೂರಾ ಹಸಿರು ಮಾರಾಯ್ರೆ, ನೋಡ್ಲಿಕ್ಕೆ ಆಗ್ತಿರ್ಲಿಲ್ಲ.”

“ಆ ಹಸುರಿನ್ಯಾಗ ಗೆರಿಗಿರಿ ಇದ್ದವೇನು?”

“ಇತ್ತು. ಇರುವೆ ಸಾಲು ಹೋದ ಹಾಗೆ. ಕೊಳೆ ಅಂತ ನಾನು...”

“ಕೊಳಿ ಅಲ್ರೀ. ಅಕ್ಷರ.” ಗುರಲಿಂಗಪ್ಪನವರು ಹಲಗೆಯನ್ನು ಮೇಜಿನ ಮೇಲೆ ಇಟ್ಟರು. “ಹಿಂದಿನ ಕಾಲದಾಗ ಭೂಮಿ ಕೊಟ್ರ ತಾಮ್ರದ ಮ್ಯಾಲೆ ಕೆತ್ತಿ ಕೊಡತಿದ್ರು. ಇದು ಅಂಥಾದ್ದು. ಉಪ್ಪುನೀರಾಗ ನೂರಾರು ವರ್ಷ ಬಿದ್ರ ತಾಮ್ರದ ಮೈಯೆಲ್ಲಾ ಕಿಲುಬಾಗತೈತಿ. ಕೆತ್ತಿದ ಅಕ್ಷರ ಆ ಕಿಲುಬಿನ್ಯಾಗ ಮಾತ್ರ ಉಳದಿರತಾವ. ನಮ್ಮಲ್ಲಿ ಅದನ್ನ ಪದರ ಪದರ ಬಿಡಸಾಕ ತಿಂಗಳುಗಟ್ಲೆ ಹಿಡೀತೈತಿ. ನೀವು ಕಿಲುಬು ತಗದ್ರಿ. ಅಕ್ಷರಾನೂ ಅದರ ಜೋಡಿ ಮೋರಿಗೆ ಹೋದ್ವು.”

“ಎಂತ ಬರೆದಿತ್ತು ಅದರಲ್ಲಿ?”

“ನನಗ ಗೊತ್ತಿಲ್ಲ. ಇನ್ನ ಯಾರಿಗೂ ಗೊತ್ತಾಗಂಗಿಲ್ಲ.”

ಒಳಗೆ ಯಾರೋ ಪೂವಪ್ಪಣ್ಣನನ್ನು ಕೂಗಿದರು. ಅವರಿಗೆ ಕೇಳಿಸಲಿಲ್ಲ. ತಮ್ಮ ಎರಡೂ ಅಂಗೈಗಳನ್ನು ನೋಡುತ್ತಾ ನಿಂತುಬಿಟ್ಟರು. ಕೆಡಿಸಬೇಕೆಂದು ಮಾಡಿದ್ದಾಗಿದ್ದರೆ ಬೈಯಬಹುದಿತ್ತು.

ಗುರಲಿಂಗಪ್ಪನವರು ಹಲಗೆಯ ತೂತನ್ನು ತೋರಿಸಿದರು. “ಇದರಾಗ ಬಳಿ ಹಾಕಿ ಎರಡು ಮೂರು ಹಲಗಿ ಕೂಡಿಸಿರತಾರ. ಉಳಿದದ್ದು ಅಲ್ಲೇ ಇರಬಹುದು. ಜಾಗ ನಿಮಗೊಬ್ಬರಿಗೇ ಗೊತ್ತು. ಆದ್ರ ನಾವು ಹೋಗಿ ಅಗೀಬಾರದು. ಅದಕ್ಕ ಅಧಿಕಾರ ಇದ್ದವರು ಬರಬೇಕು. ನೀವು ನಮ್ಮ ಸಾಹೇಬರ ಮುಂದ ನಡದದ್ದು ನಡದಂಗ ಹೇಳ್ರಿ.”

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾಂತಪ್ಪನವರು ಹೇಳಿದರು: “ಲಾರಿಗಳು ಆ ಕಡೆಗೇ ಬರ್ತಾ ಉಂಟು. ಮಂಗಳವಾರಕ್ಕೆ ಪೂರಾ ಮುಚ್ಚಿ ಹೋಗ್ತದೆ.”

ಪೂವಪ್ಪಣ್ಣನೊಂದಿಗೆ ಗುರಲಿಂಗಪ್ಪನವರೂ ನಾನೂ ಅವರ ಚಾಳಿನ ಖೋಲಿಗೆ, ಆ ಒಂದು ಕೋಣೆಯ ಮನೆಗೆ, ಹೋದೆವು. ಅವರ ಹೆಂಡತಿ ವಾರಿಜಕ್ಕ ಎಲ್ಲವನ್ನೂ ಕೇಳಿ ಬಾಗಿಲು ಮುಂದೆ ಮಾಡಿದರು.

“ಟೀಚರೇ, ನೀವು ಓದಿದವರು. ಸರಕಾರದ ವಸ್ತು ಹಾಳು ಮಾಡಿದ ಅಂತ ಇವರನ್ನು ಹಿಡ್ಕೊಂಡು ಹೋದ್ರೆ ನಾನು ಎಂತ ಮಾಡುದು? ಅದನ್ನು ಖಾಡಿಗೇ ಬಿಸಾಡಿ ಬನ್ನಿ. ಮೇಲೆ ಮಣ್ಣು ಬಿದ್ರೆ ಆಯ್ತು, ಯಾರಿಗೆ ಗೊತ್ತಾಗ್ತದೆ?”

ಗುರಲಿಂಗಪ್ಪನವರು ಸುಳ್ಳು ಧೈರ್ಯ ಹೇಳಲಿಲ್ಲ. “ಏನ್ ಮಾಡ್ತಾರಂತ ನಾ ಹೇಳಾಕ ಬರಂಗಿಲ್ರೀ ಅಕ್ಕಾರ. ನಾನೂ ಒಬ್ಬ ಅಟೆಂಡರ್. ತಾವಾಗೇ ಬಂದು ಹೇಳಿದವರನ್ನ ಕಳ್ಳರ ಹಂಗ ನೋಡಿದ್ದು ಮಾತ್ರ ನಾ ಕಂಡಿಲ್ಲ.”

“ಹಳೇ ತಗಡು ಅದು. ಸತ್ತು ಹೋದವರದ್ದು. ಅದಕ್ಕೆ ಬದುಕಿದವರು ಜೈಲಿಗೆ ಹೋಗ್ಬೇಕಾ?”

“ಹಳೇ ತಗಡ ಖರೆ. ಯಾರಿಗೋ ಇದು ನಿಂದು ಅಂತ ಬರದ ಕೊಟ್ಟದ್ದು ಅದು. ಅವರ ಹೆಸರು ಇರತೈತಿ ಅದರಾಗ.”

ವಾರಿಜಕ್ಕ ನನ್ನ ಕಡೆ ತಿರುಗಿದರು. “ಊರಲ್ಲಿ ನನ್ನ ಅಪ್ಪ ಮೂವತ್ತು ವರ್ಷ ಗೇಣಿಗೆ ಗದ್ದೆ ಮಾಡಿದ. ಈಗ ಗದ್ದೆ ಉತ್ತವನಿಗೇ ಅಂತ ಕಾನೂನು ಬಂತಲ್ಲ, ಡಿಕ್ಲರೇಷನ್ ಕೊಡ್ಲಿಕ್ಕೆ ಹೋದ. ಅವನ ಹೆಸರು ಇದ್ದ ಒಂದು ಚೀಟಿ ಸಿಗ್ಲಿಲ್ಲ ಟೀಚರೇ. ಒಂದು ತುಂಡು ಚೀಟಿ.” ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಗೋಡೆಯ ಮೊಳೆಯಿಂದ ಗಂಡನ ಒಗೆದ ಅಂಗಿ ತೆಗೆದು ಕೊಟ್ಟರು. “ಹೋಗಿ ಹೇಳಿ ಬನ್ನಿ. ನಾನೂ ಬರ್ತೇನೆ.”

ಸೋಮವಾರ ಬೆಳಿಗ್ಗೆ ಪೂವಪ್ಪಣ್ಣ ಮ್ಯೂಸಿಯಂನ ಅಧಿಕಾರಿಯ ಮೇಜಿನ ಮೇಲೆ ಹಲಗೆ ಇಟ್ಟು, ಹರುಕು ಮುರುಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದರು. ಮೂರು ದಿನ ತಿಕ್ಕಿದ್ದನ್ನೂ ಬಿಡಲಿಲ್ಲ. ಅಧಿಕಾರಿ ಬೇಸರಪಟ್ಟರು, ಆದರೆ ಗದರಲಿಲ್ಲ. ಅಲ್ಲಿಂದಲೇ ಕಲೆಕ್ಟರ್ ಕಚೇರಿಗೆ ಫೋನ್ ಮಾಡಿ ಅನುಮತಿ ಪಡೆದರು. ಮಧ್ಯಾಹ್ನ ನೀರು ಇಳಿಯುವ ಹೊತ್ತಿಗೆ ಇಬ್ಬರು ಸಹಾಯಕರೊಂದಿಗೆ ಖಾಡಿಗೆ ಬಂದರು. ಗುರಲಿಂಗಪ್ಪನವರು ಮೊದಲೇ ಹೋಗಿ ಲಾರಿಗಳ ಉಸ್ತುವಾರಿ ನೋಡುವ ಮುಕಾದಮ ಮರೆಪ್ಪನನ್ನು ಕಂಡಿದ್ದರು. “ಇವತ್ತೊಂದಿನ ಮಣ್ಣು ಆಕಡಿ ಹಾಕಿಸಪ್ಪಾ” ಎಂದಿದ್ದರು. ಮರೆಪ್ಪ ಗೊಣಗುತ್ತಲೇ ಒಪ್ಪಿದ್ದ.

ಮೀನುಗಾರರ ಹಳೆಯ ಗೂಟಗಳ ಹತ್ತಿರ, ನೀರು ತಿರುಗುವ ಕಡೆ, ಪೂವಪ್ಪಣ್ಣ ಬೆರಳು ತೋರಿಸಿದರು. ಮಣ್ಣಿನ ಗುಡ್ಡೆ ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಅಧಿಕಾರಿಯ ಜನ ಕೆಸರನ್ನು ಮೆಲ್ಲಗೆ ತೆಗೆದರು. ಮೊಣಕಾಲಾಳದಲ್ಲಿ ಇನ್ನೊಂದು ಹಲಗೆ ಸಿಕ್ಕಿತು. ಹಸಿರು ಕಿಲುಬು, ಕಪ್ಪು ಕೆಸರು, ಅಂಟಿದ ಚಿಪ್ಪು ಎಲ್ಲ ಸೇರಿ ಮುದ್ದೆಯಾಗಿತ್ತು. ಪೂವಪ್ಪಣ್ಣನ ಹೆಬ್ಬೆರಳು ಅಭ್ಯಾಸದಂತೆ ಒರೆಸಲು ಮುಂದೆ ಹೋಯಿತು. ತಕ್ಷಣ ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ವಾರಿಜಕ್ಕ ಅದನ್ನು ನೋಡಿ ಮುಖ ಆಚೆ ತಿರುಗಿಸಿದರು.

ಅಧಿಕಾರಿ ಮೊದಲು ಜಾಗ, ಆಳ, ತಾರೀಖು ಬರೆದುಕೊಂಡರು. ಆಮೇಲೆ ಗುರಲಿಂಗಪ್ಪನವರು ಹಲಗೆಯನ್ನು ಅದರ ಕೆಸರಿನ ಸಮೇತ ಒದ್ದೆ ಗೋಣಿಯಲ್ಲಿ ಸುತ್ತಿದರು. ಯಾರನ್ನೂ ಯಾರೂ ಹಿಡಿದುಕೊಂಡು ಹೋಗಲಿಲ್ಲ.

ಆರು ತಿಂಗಳ ಮೇಲೆ ಗುರಲಿಂಗಪ್ಪನವರು ಸುದ್ದಿ ತಂದರು. ಎರಡನೆಯ ಹಲಗೆಯನ್ನು ಓದಿದ್ದಾರೆ. ಅದು ಮಾತಿನ ಅರ್ಧದಲ್ಲಿ ಶುರುವಾಗುತ್ತದೆ: “ಎಂಬವನಿಗೆ ಈ ಉಪ್ಪಿನಾಗರವನ್ನು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಕೊಟ್ಟಿದ್ದೇವೆ.” ಮುಂದೆ ಆ ಉಪ್ಪು ಬೆಳೆಯುವ ಗದ್ದೆಯ ಎಲ್ಲೆಗಳಿವೆ. ಸಾಕ್ಷಿ ಹಾಕಿದ ಐವರ ಹೆಸರುಗಳಿವೆ.

“ಯಾರಿಗೆ ಕೊಟ್ಟದ್ದು?” ಎಂದು ಪೂವಪ್ಪಣ್ಣ ಕೇಳಿದರು.

ಕೇಳುತ್ತಲೇ ಅವರಿಗೇ ಅರ್ಥವಾಯಿತು. ಆ ಹೆಸರು ಮೊದಲ ಹಲಗೆಯ ಕೊನೆಯಲ್ಲಿತ್ತು.

ಈಗ ಎರಡೂ ಹಲಗೆಗಳು ಮ್ಯೂಸಿಯಂನಲ್ಲಿವೆ. ಕೆಳಗಿನ ಕಾರ್ಡಿನಲ್ಲಿ ‘ವಡಾಲ ಖಾಡಿಯಲ್ಲಿ ಕಂಡವರು: ಪೂವಪ್ಪ’ ಎಂದು ಅಚ್ಚಾಗಿದೆ. ನಾನು ಅವರನ್ನೂ ವಾರಿಜಕ್ಕನನ್ನೂ ಕರೆದುಕೊಂಡು ಹೋಗಿ ತೋರಿಸಿದೆ. ಪೂವಪ್ಪಣ್ಣ ಬಹಳ ಹೊತ್ತು ನೋಡಿದರು. ಹೊರಗೆ ಬಂದ ಮೇಲೆ, “ಅದು ಅರ್ಧ ಮಾತ್ರ ಸತ್ಯ ಟೀಚರೇ” ಎಂದರು.

ಹೋಟೆಲಿನ ಕಪಾಟಿನಲ್ಲಿ ಈಗ ಹಲಗೆಗಳ ಫೋಟೋ ಇದೆ. ಕಲ್ಲಾದ ಶಂಖವೂ ಮಡಕೆಯ ಚೂರುಗಳೂ ಇವೆ. ಗುರಲಿಂಗಪ್ಪನವರು ಅವನ್ನು ಸಾಹೇಬರಿಗೆ ತೋರಿಸಿ, ಇಟ್ಟುಕೊಳ್ಳಬಹುದೇ ಎಂದು ಕೇಳಿ ಒಪ್ಪಿಗೆ ತಂದಿದ್ದಾರೆ. ಪ್ರತಿಯೊಂದರ ಕೆಳಗೂ ಕಾರ್ಡ್ ಇದೆ. ಜಾಗ ನೆನಪಿಲ್ಲದ್ದಕ್ಕೆ ‘ಜಾಗ ಗೊತ್ತಿಲ್ಲ’ ಎಂದೇ ಬರೆದಿದ್ದೇವೆ. ಫೋಟೋದ ಕಾರ್ಡನ್ನು ಪೂವಪ್ಪಣ್ಣ ಹೇಳಿದರು, ನಾನು ಬರೆದೆ. ಸ್ವಲ್ಪ ಮೆದು ಮಾಡಿ ಬರೆಯಲು ಹೋದೆ, ಅವರು ಬಿಡಲಿಲ್ಲ. ಅದರಲ್ಲಿ ಹೀಗಿದೆ: ‘ಮೊದಲನೆಯ ಹಲಗೆಯನ್ನು ನಾನು ತಿಕ್ಕಿದೆ. ಅದರಲ್ಲಿ ಒಬ್ಬನ ಹೆಸರಿತ್ತು. ಅದು ನನ್ನ ಕೈಯಿಂದ ಹೋಯಿತು. ಪೂವಪ್ಪ, ಪಾತ್ರೆ ಕೆಲಸದವನು.’

ಖಾಡಿಗೆ ಇಳಿಯುವ ಅಣ್ಣಂದಿರೇ, ಅಕ್ಕಂದಿರೇ, ಮಣ್ಣು ಅಗೆಯುವವರೇ, ಲಾರಿಯವರೇ! ಕೆಸರಿನಲ್ಲಿ ಏನಾದರೂ ಕಂಡರೆ ಕೀಳಬೇಡಿ, ಹತ್ತಿರ ಒಂದು ಗುರುತು ಇಡಿ. ನೀರು ಕೊಚ್ಚಿಕೊಂಡು ಹೋಗುವ ಹಾಗಿದ್ದರೆ ಮಾತ್ರ ಕೆಸರಿನ ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ತೊಳೆಯಬೇಡಿ. ಹುಣಸೆಹುಳಿ, ಎಣ್ಣೆ, ಕುಂಕುಮ ಯಾವುದೂ ಬೇಡ. ಜಾಗ, ಆಳ, ತಾರೀಖು, ನಿಮ್ಮ ಹೆಸರು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕಟ್ಟಿ. ಬರೆಯಲು ಬಾರದಿದ್ದರೆ ನಮ್ಮ ಶಾಲೆಗೆ ಬನ್ನಿ, ನಾನು ಬರೆದು ಕೊಡುತ್ತೇನೆ. ಮ್ಯೂಸಿಯಂಗೋ ಕಲೆಕ್ಟರ್ ಕಚೇರಿಗೋ ತಿಳಿಸಿ. ಹೆದರಿಕೆಯಾದರೆ ವಾರಿಜಕ್ಕನನ್ನು ಕೇಳಿ, ಅವರು ಜೊತೆಗೆ ಬರುತ್ತಾರೆ.

ಆ ಉಪ್ಪಿನಾಗರ ಯಾರದಾಗಿತ್ತು ಎಂದು ಪೂವಪ್ಪಣ್ಣ ಈಗಲೂ ಕೇಳುತ್ತಾರೆ. ನಿಮ್ಮ ಕೈಗೆ ಸಿಕ್ಕಿದ್ದನ್ನು ದಯವಿಟ್ಟು ತಿಕ್ಕಬೇಡಿ.